ಎಂಜಿನ್ ಸರಿಯಿದ್ದೂ ಮೋಡ ಹೊಕ್ಕ ಸಣ್ಣ ವಿಮಾನ ಬೀಳುವುದೇಕೆ?

ಪ್ರಶ್ನೆ: ಖಾಸಗಿ ಪೈಲಟ್ ಹಾರಿಸುತ್ತಿದ್ದ ವಿಮಾನ ಕೆಟ್ಟ ಹವೆಯಲ್ಲಿ ಬಿತ್ತು ಎಂಬ ಸುದ್ದಿ ಬರುತ್ತದೆ. ಯಂತ್ರದಲ್ಲಿ ದೋಷವಿರಲಿಲ್ಲ ಎಂದೂ ಇರುತ್ತದೆ. ಹಾಗಾದರೆ ಆದದ್ದೇನು?
– ತೀರ್ಥಹಳ್ಳಿಯ ಓದುಗರು

ಹೆಚ್ಚಿನ ಖಾಸಗಿ ಪೈಲಟ್‌ಗಳು ಹೊರಗೆ ನೋಡಿಕೊಂಡು ಹಾರಿಸುವವರು. ದಿಗಂತ ಕಾಣುವಷ್ಟು ಹೊತ್ತು ರೆಕ್ಕೆ ಸಮವಾಗಿದೆಯೇ ಎಂದು ಕಣ್ಣೇ ಹೇಳುತ್ತದೆ. ಮೋಡದೊಳಗೆ ಆ ಆಧಾರ ತಪ್ಪಿ, ದೇಹ ಒಳಕಿವಿಯನ್ನು ನಂಬುತ್ತದೆ. ಒಳಕಿವಿಯ ನಾಳಗಳ ದ್ರವಕ್ಕೆ ತಿರುವು ಶುರುವಾದದ್ದು ಗೊತ್ತಾಗುತ್ತದೆ. ಅದೇ ತಿರುವು ಹತ್ತಿಪ್ಪತ್ತು ಸೆಕೆಂಡ್ ಒಂದೇ ಸಮ ನಡೆದರೆ ದ್ರವವೂ ಜೊತೆಗೇ ಸುತ್ತಿ, ನೇರ ಹೋಗುತ್ತಿದ್ದೇವೆ ಅನಿಸುತ್ತದೆ. ಇತ್ತ ವಾಲಿದ ವಿಮಾನದ ಮೂತಿ ಇಳಿದು ವೇಗ ಏರುತ್ತದೆ. ಎತ್ತರ ಕಡಿಮೆಯಾಗುವುದು ಕಂಡು ಪೈಲಟ್, ರೆಕ್ಕೆ ಸಮ ಮಾಡದೆ, ಮೂತಿ ಎತ್ತಲು ಕಂಟ್ರೋಲ್ ಹಿಡಿ ಎಳೆಯುತ್ತಾರೆ. ವಿಮಾನ ಏರುವುದಿಲ್ಲ, ಸುತ್ತು ಬಿಗಿಯಾಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ 1954ರ ಪ್ರಯೋಗದಲ್ಲಿ ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಜನರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. 1999ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ಪೈಪರ್ ಸಾರಟೋಗ ಎಂಬ ಸಣ್ಣ ವಿಮಾನ ಮಬ್ಬುಗತ್ತಲಲ್ಲಿ ಸಮುದ್ರಕ್ಕೆ ಬಿದ್ದು ಮೂವರು ಸತ್ತದ್ದಕ್ಕೂ ತನಿಖೆ ಕೊಟ್ಟ ಕಾರಣ ಈ ದಿಕ್ಕುಭ್ರಮೆಯೇ.

ಮಲೆನಾಡಿನಲ್ಲಿ ಇದರ ಜೊತೆಗೆ ಗುಡ್ಡವೂ ಇದೆ. ಮುಂಗಾರಿನ ಗಾಳಿ ಘಟ್ಟ ಹತ್ತುವಾಗ ತಣಿದು ಮೋಡವಾಗಿ ನೆತ್ತಿಗಳಿಗೇ ಕವಿಯುತ್ತದೆ. ಶಿವಮೊಗ್ಗದ ಕಡೆಯಿಂದ ಪಶ್ಚಿಮಕ್ಕೆ ಹೊರಟವರಿಗೆ ಮೋಡದ ತಳ ಇಳಿಯುತ್ತ, ನೆಲ ಏರುತ್ತ ಬರುತ್ತದೆ. ಕೊಡಚಾದ್ರಿಯೇ 1,343 ಮೀಟರ್. ಸ್ವಲ್ಪ ತಗ್ಗಿ ನುಸುಳಿಕೊಂಡು ಹೋಗೋಣ ಎಂಬ ಯೋಚನೆ ಇಲ್ಲಿ ಎಲ್ಲಕ್ಕಿಂತ ಅಪಾಯದ್ದು.

ಲೆಕ್ಕ ಹಾಕಿ ನೋಡಿ. 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದಲ್ಲಿ ಮಿನಿಟಿಗೆ ಸುಮಾರು 3 ಕಿ.ಮೀ. ಸಾಗುತ್ತದೆ. ಸೆಕೆಂಡಿಗೆ 3 ಡಿಗ್ರಿಯಂತೆ ಹಿಂದಕ್ಕೆ ತಿರುಗಲು ಒಂದು ಮಿನಿಟ್ ಬೇಕು, ಸುಮಾರು 2 ಕಿ.ಮೀ. ಅಗಲದ ಜಾಗವೂ ಬೇಕು. ಕಣಿವೆ ಅಷ್ಟು ಅಗಲ ಇರುವಾಗಲೇ ತಿರುಗಬೇಕು. ನೋಟದ ಹಾರಾಟಕ್ಕೆ 5 ಕಿ.ಮೀ. ಗೋಚರತೆಯ ನಿಯಮ ಇರುವುದೂ ಇಂಥ ಲೆಕ್ಕದಿಂದಲೇ ಅರ್ಥವಾಗುತ್ತದೆ.

ಮೋಡದೊಳಗೆ ಸಿಕ್ಕಿಬಿದ್ದರೆ ಕಿಟಕಿಯ ಕಡೆ ನೋಡಬಾರದು. ಕೃತಕ ದಿಗಂತ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ನೋಡಿ ಮೊದಲು ರೆಕ್ಕೆ ಸಮ ಮಾಡಬೇಕು, ಆಮೇಲೆ ಮೂತಿ. ಸುತ್ತು ಶುರುವಾಗಿ ವೇಗ ಏರುತ್ತಿದ್ದರೆ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ತಗ್ಗಿಸಿ, ರೆಕ್ಕೆ ಸಮ ಮಾಡಿ, ಕೊನೆಗೆ ಮೆಲ್ಲಗೆ ಎಳೆಯಬೇಕು. ಆಟೋಪೈಲಟ್ ಇದ್ದರೆ, ರೆಕ್ಕೆ ಸಮವಾದೊಡನೆ ಅದಕ್ಕೆ ಒಪ್ಪಿಸುವುದು ಒಳ್ಳೆಯದು. ಹತೋಟಿ ಸಿಕ್ಕ ಮೇಲೆ ರೇಡಿಯೊದಲ್ಲಿ ‘ಮೋಡದೊಳಗಿದ್ದೇನೆ, ಉಪಕರಣ ತರಬೇತಿ ಇಲ್ಲ’ ಎಂದು ನೇರವಾಗಿ ಹೇಳಿಬಿಡಬೇಕು; ಹತ್ತಿರದಲ್ಲಿ ತಿಳಿಯಾದ ಆಕಾಶ ಎಲ್ಲಿದೆ, ಸುರಕ್ಷಿತ ಎತ್ತರ ಎಷ್ಟು ಎಂಬುದನ್ನು ಅಲ್ಲಿಂದ ಕೇಳಬಹುದು.