ಪಾರ್ಕ್ ಕಟ್ಟಲು ದುಡ್ಡು ಬಂತು, ಗಿಡಕ್ಕೆ ನೀರು ಹಾಕಲು ಎಲ್ಲಿಂದ ಬರಬೇಕು?

ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ. ಹಾಗಾಗಿ ತುಮಕೂರಿನ ನಮ್ಮಂಥ ಬಹಳಷ್ಟು ಮನೆಯವರು ಆ ತಿಂಗಳೇ ಕಟ್ಟಿ ಮುಗಿಸುತ್ತೇವೆ. ರಸೀದಿಯನ್ನು ಸುಮ್ನೆ ಮಡಚಿಡುವ ಮೊದಲು ಒಮ್ಮೆ ಓದಿ ನೋಡಿ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ಪುಸ್ತಕಕ್ಕೊಂದು ಸಾಲಿದೆ, ನಿರ್ಗತಿಕರಿಗೊಂದು ಸಾಲಿದೆ. ಪಾರ್ಕಿನ ಹೆಸರು ಇಲ್ಲ, ಫುಟ್‌ಪಾತ್‌ನ ಹೆಸರೂ ಇಲ್ಲ.

ಇದು ಒಂದು ದಿನದಲ್ಲಿ ಆದದ್ದಲ್ಲ. ಹಿಂದೆ ಊರಿನೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಎಂಬ ಸುಂಕ ಇತ್ತು. ಗಾಡಿ ನಾಕಾದಲ್ಲಿ ನಿಲ್ಲಬೇಕಿತ್ತು, ವ್ಯಾಪಾರಿಗಳಿಗೆ ಅದು ದೊಡ್ಡ ಕಿರಿಕಿರಿ. ಆದರೆ ಆ ಕಾಸು ನೇರವಾಗಿ ಪುರಸಭೆಯ ಪೆಟ್ಟಿಗೆಗೆ ಬೀಳುತ್ತಿತ್ತು. 1979ರಲ್ಲಿ ಕರ್ನಾಟಕ ಅದನ್ನು ತೆಗೆದುಹಾಕಿತು. ಬದಲಿಗೆ ಸರ್ಕಾರದ ಅನುದಾನ ಬರತೊಡಗಿತು. 1993ರಲ್ಲಿ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದು, 12ನೇ ಅನುಸೂಚಿಯ 18 ಕೆಲಸಗಳಲ್ಲಿ ಉದ್ಯಾನ, ತೋಟ, ಆಟದ ಮೈದಾನವೂ ಸೇರಿತು. ಕೆಲಸದ ಪಟ್ಟಿ ಬೆಳೆಯಿತು, ಅದರ ಜೊತೆ ಗಂಟು ಬರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆಯೂ ಕೈಬಿಟ್ಟುಹೋಯಿತು.

ಇನ್ನು ಜಾಗದ ವಿಷಯ. ಅದು ಸ್ವಲ್ಪ ಸಮಾಧಾನ ಕೊಡುವ ಕಥೆ. ಉದ್ಯಾನ ಮತ್ತು ಬಯಲು ಜಾಗಗಳನ್ನು ಉಳಿಸಲು 1985ರಲ್ಲೇ ರಾಜ್ಯದಲ್ಲಿ ಕಾಯ್ದೆ ಆಯಿತು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಡಾವಣೆ ಮಾಡುವವರು ಪಾರ್ಕಿಗೆ ಜಾಗ ಬಿಡಲೇಬೇಕು, ಆಮೇಲೆ ಅದನ್ನು ಪತ್ರ ಮಾಡಿ ಒಪ್ಪಿಸಬೇಕು. ಜಾಗ ಹೀಗೆ ಪಾಲಿಕೆಗೆ ಬರುತ್ತದೆ. ಮಾಲಿಯ ಸಂಬಳ ಅದರ ಜೊತೆ ಬರುವುದಿಲ್ಲ. ಬೇಲಿ ಹಾಕಿ, ಬೋರ್ಡ್ ನೆಟ್ಟು, ಒಳಗೆ ಪಾರ್ಥೇನಿಯಂ ಎದೆಯೆತ್ತರ ಬೆಳೆದ ಜಾಗ ನಿಮ್ಮ ಬಡಾವಣೆಯಲ್ಲೂ ಒಂದಿರಬಹುದು, ಅಲ್ವಾ?

ಈಗ ನಾವು ಕಣ್ಣಾರೆ ಕಂಡ ಕಾಲಕ್ಕೆ ಬರೋಣ. ಸ್ಮಾರ್ಟ್ ಸಿಟಿ ಯೋಜನೆ ಶುರುವಾದದ್ದು 2015ರ ಜೂನ್ 25ರಂದು. ಮೊದಲ ಪಟ್ಟಿಯಲ್ಲಿ ನಮ್ಮೂರು ಇರಲಿಲ್ಲ. 2016ರ ಸೆಪ್ಟೆಂಬರ್‌ನ ಪಟ್ಟಿಯಲ್ಲಿ ತುಮಕೂರಿನ ಹೆಸರು ಬಂದಾಗ ಊರಿಗೆ ಊರೇ ಖುಷಿಪಟ್ಟಿತು. ಒಂದು ನಗರಕ್ಕೆ ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ ಎಂಬ ಲೆಕ್ಕ. ಇಷ್ಟು ದುಡ್ಡನ್ನು ಪಾಲಿಕೆ ಹಿಂದೆ ಕಂಡೇ ಇರಲಿಲ್ಲ. ಅದನ್ನು ಖರ್ಚು ಮಾಡಲು ಪಾಲಿಕೆಯ ಪಕ್ಕದಲ್ಲೇ ಬೇರೆ ಕಂಪನಿ ಆಯಿತು.

ಆಮೇಲಿನ ವರ್ಷಗಳು ಧೂಳಿನವು. ಒಂದು ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಅಂಗಡಿಯವರು ದಿನಕ್ಕೆ ಮೂರು ಸಲ ಬಾಗಿಲಿಗೆ ನೀರು ಚಿಮುಕಿಸಿದರು. ಆದರೆ ಕೆಲಸ ಮುಗಿದ ಕಡೆ ಬದಲಾವಣೆ ಕಂಡಿತು, ಅದನ್ನೂ ಹೇಳಬೇಕು. ವಯಸ್ಸಾದವರು ಕೆಳಗೆ ನೋಡದೆ ನಡೆಯಬಹುದಾದ ಫುಟ್‌ಪಾತ್ ಕೆಲವು ರಸ್ತೆಗಳಲ್ಲಿ ಮೊದಲ ಸಲ ಬಂತು. ಅಮಾನಿಕೆರೆಯ ಕಡೆ ಬೆಳಗ್ಗೆ ಐದೂವರೆಗೆ ಹೋದರೆ ಸಾಲು ಸಾಲು ಜನ. ಮಫ್ಲರ್ ಸುತ್ತಿಕೊಂಡ ನಿವೃತ್ತ ಮೇಷ್ಟ್ರುಗಳು, ಚೂಡಿದಾರ್‌ಗೆ ಶೂ ಹಾಕಿಕೊಂಡ ಗೃಹಿಣಿಯರು, ಪೊಲೀಸ್ ಪರೀಕ್ಷೆಗೆ ಓಡುವ ಹುಡುಗರು. ಇಷ್ಟು ಜನಕ್ಕೆ ನಡೆಯುವ ಆಸೆ ಇತ್ತು, ಜಾಗ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆಗ.

ತೊಡಕು ಇಲ್ಲೇ ಇದೆ. ಆ ದುಡ್ಡು ಬಂದದ್ದು ಪಾರ್ಕ್, ಫುಟ್‌ಪಾತ್ ಕಟ್ಟುವುದಕ್ಕೆ, ನೋಡಿಕೊಳ್ಳುವುದಕ್ಕೆ ಅಲ್ಲ. ಗುತ್ತಿಗೆಯ ಅವಧಿ ಇರುವ ತನಕ ಗುತ್ತಿಗೆದಾರರು ನೋಡಿಕೊಳ್ಳುತ್ತಾರೆ. ಆಮೇಲೆ ಪಾಲಿಕೆಗೆ ಹಸ್ತಾಂತರ. 2025ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಹುಲ್ಲು, ದೀಪ, ಮೋಟಾರ್, ಬಿರುಕು ಬಿಟ್ಟ ಟೈಲ್ಸ್, ಎಲ್ಲದರ ಖರ್ಚು 35 ವಾರ್ಡುಗಳ ಕಸ, ನೀರು, ಚರಂಡಿಯ ಜೊತೆಗೇ ನಿಲ್ಲಬೇಕು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ 60 ಭಾಗ ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲಾಗಿತ್ತು. ಅದು ತಪ್ಪೇನಲ್ಲ. ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ಪಾರ್ಕಿಗೆ ಕೊಡಿ ಎಂದು ಯಾರು ಕೇಳುತ್ತಾರೆ? ಆದರೆ ಹೀಗೆ ಕೊನೆಯಲ್ಲಿ ನಿಂತವರ ಸರದಿ ಯಾವತ್ತೂ ಬರುವುದಿಲ್ಲ.

ದಾರಿಗಳು ಇಲ್ಲದೆ ಇಲ್ಲ. ಟಿಕೆಟ್ ಇಡಿ ಎಂಬ ಮಾತು ಮೊದಲು ಬರುತ್ತದೆ. ಹತ್ತು ರೂಪಾಯಿ ದೊಡ್ಡದಲ್ಲ ಅನ್ನಿಸಬಹುದು. ದಿನಾ ಬರುವವರಿಗೆ ತಿಂಗಳಿಗೆ ಮುನ್ನೂರು ಆಗುತ್ತದೆ. ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚುವ ಗಾರೆ ಕೆಲಸದವರು ಗೇಟಿನ ಹೊರಗೇ ಉಳಿಯುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನು ಕೇಳಬಹುದು, ಪರಿಸರದ ಕೆಲಸಕ್ಕೆ ಕಾನೂನಿನಲ್ಲಿ ಅವಕಾಶವಿದೆ. ನಮ್ಮೂರ ಹತ್ತಿರದ ವಸಂತನರಸಾಪುರದಲ್ಲಿ ಕಾರ್ಖಾನೆಗಳೂ ಇವೆ. ಆದರೆ ಹೆಸರಿನ ಫಲಕ ಹಾಕಲು ಯಾರಾದರೂ ದೊಡ್ಡ ಪಾರ್ಕನ್ನೇ ಆರಿಸುತ್ತಾರೆ. ನಾಲ್ಕನೇ ಕ್ರಾಸಿನ ಮೂಲೆಯ ತುಂಡು ಜಾಗಕ್ಕೆ ಯಾರೂ ಬರುವುದಿಲ್ಲ.

ನನಗೆ ಸರಿ ಕಾಣುವುದು ಎರಡು. ಆಸ್ತಿ ತೆರಿಗೆಯ ಒಂದು ಸಣ್ಣ ಪಾಲನ್ನು ಪಾರ್ಕ್ ನಿರ್ವಹಣೆಗೆಂದೇ ತೆಗೆದಿಟ್ಟು, ಬೇರೆ ಕೆಲಸಕ್ಕೆ ಮುಟ್ಟದಿರುವುದು. ಪಾರ್ಕ್ ಹತ್ತಿರದ ಸೈಟಿಗೆ ಬೆಲೆ ಜಾಸ್ತಿ ಇರುವಾಗ ಅದರಲ್ಲೊಂದು ಪಾಲು ಪಾರ್ಕಿಗೇ ಮರಳುವುದು ನ್ಯಾಯ. ಇನ್ನೊಂದು, ಕೇಬಲ್, ಪೈಪ್ ಹಾಕುವವರು ರಸ್ತೆ ಅಗೆಯಲು ಕಟ್ಟುವ ಶುಲ್ಕ. ಅದನ್ನು ಬೇರೆ ಖಾತೆಯಲ್ಲಿಟ್ಟು, ಅಗೆದ ಫುಟ್‌ಪಾತನ್ನೇ ಸರಿಮಾಡಲು ಬಳಸಬೇಕು. ನಮ್ಮ ಬೀದಿಯಲ್ಲಿ ಕೇಬಲ್‌ಗೆಂದು ಎಬ್ಬಿಸಿದ ಕಲ್ಲುಗಳು ಎರಡು ಮಳೆಗಾಲದಿಂದ ಕಾಂಪೌಂಡಿಗೆ ಒರಗಿ ನಿಂತಿವೆ. ನಮ್ಮ ಅಮ್ಮ ಅಲ್ಲಿ ರಸ್ತೆಗಿಳಿದೇ ನಡೆಯುತ್ತಾರೆ, ಹಿಂದಿನಿಂದ ಆಟೋ ಹಾರ್ನ್ ಹೊಡೆಯುತ್ತದೆ. ಅಡೆತಡೆಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ.

ಪಾಲಿಕೆಗಳು ಬಜೆಟ್‌ಗೆ ಮುಂಚೆ ಜನರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿ ಹೊಸ ಪಾರ್ಕ್ ಕೇಳುವವರೇ ಹೆಚ್ಚು. ಈ ಸಲ ಹೋಗುವವರು ಇರುವ ಪಾರ್ಕಿನ ಮಾಲಿಯ ಸಂಬಳ ಯಾವ ಲೆಕ್ಕದಿಂದ ಬರುತ್ತದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಂಡು ಬನ್ನಿ.