ಸೆಳೆತ ನಿಂತ ಮೇಲೆ ಮಗುವನ್ನು ನೋಡಿ

ಜ್ವರದಲ್ಲಿ ಮಗುವಿಗೆ ಸೆಳೆತ ಬಂದಿತೆಂದು ಓಡಿ ಬಂದವರು ಕಣ್ಣು ಮೇಲಕ್ಕೆ ಹೋದದ್ದನ್ನು, ಕೈಕಾಲು ಸೆಟೆದದ್ದನ್ನು ವಿವರವಾಗಿ ಹೇಳುತ್ತಾರೆ. ನಾನು ಮೊದಲು ಕೇಳುವುದು ಆಮೇಲಿನ ಹೊತ್ತಿನ ಬಗ್ಗೆ. ಎಚ್ಚರವಾದಾಗ ಅಮ್ಮನನ್ನು ಗುರುತಿಸಿತೇ? ಹಾಲು ಕುಡಿಯಿತೇ?

ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಬರಿಯ ಜ್ವರದ ಸೆಳೆತ ಸಾಮಾನ್ಯ. ಹೆಚ್ಚಿನವು ಐದು ನಿಮಿಷದೊಳಗೆ ನಿಲ್ಲುತ್ತವೆ. ಮಗು ಸ್ವಲ್ಪ ಮಲಗಿ ಎದ್ದು ಮೊದಲಿನಂತಾಗುತ್ತದೆ. ಮಿದುಳಿಗೇ ವೈರಸ್ ತಗುಲಿದ್ದರೆ ಮಂಪರು ಬಿಡುವುದಿಲ್ಲ. ಕಣ್ಣು ತೆರೆದರೂ ಯಾರನ್ನೂ ನೋಡುವುದಿಲ್ಲ, ಮಾತು ತಡವರಿಸುತ್ತದೆ, ಒಂದು ಕೈಯ ಬಲ ಕುಂದಬಹುದು, ಸೆಳೆತ ಮರುಕಳಿಸಬಹುದು. ಎಳೆಗೂಸಿನ ನೆತ್ತಿ ಉಬ್ಬಬಹುದು. "ಜ್ವರದ ಸುಸ್ತು, ಮಲಗಲಿ ಬಿಡಿ" ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ದಯವಿಟ್ಟು ಆಗ ಕಾಯಬೇಡಿ. ಬೀಗದ ಕೈ ಹಿಡಿಸುವುದು, ನೀರುಳ್ಳಿ ಮೂಸಿಸುವುದು ಬೇಡ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಹೊರಡಿ.

ಈ ಅವಸರಕ್ಕೆ ದೊಡ್ಡ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಮಿದುಳಿಗೆ ನುಗ್ಗುವ ಹೆಚ್ಚಿನ ವೈರಸ್‌ಗಳಿಗೆ ನೇರ ಔಷಧವಿಲ್ಲ. ಉಸಿರು, ಸೆಳೆತ, ಮಿದುಳಿನ ಬಾವನ್ನು ಹತೋಟಿಯಲ್ಲಿಡುವುದೇ ಚಿಕಿತ್ಸೆ. ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಈ ವೈರಸ್‌ಗಾದರೋ ಅಸೈಕ್ಲೋವಿರ್ ಎಂಬ ಔಷಧವಿದೆ. ಮಿದುಳಿಗೆ ತಗುಲಿ ಚಿಕಿತ್ಸೆ ಸಿಗದಿದ್ದರೆ ಸುಮಾರು ಶೇ. 70ರಷ್ಟು ರೋಗಿಗಳು ಉಳಿಯುವುದಿಲ್ಲ. ಆದ್ದರಿಂದ ಸಂಶಯ ಬಂದೊಡನೆ, ವರದಿಗೆ ಕಾಯದೆ ಔಷಧವನ್ನು ರಕ್ತನಾಳಕ್ಕೆ ಕೊಡಲು ತೊಡಗುತ್ತೇವೆ. ರೋಗ ಖಚಿತವಾದರೆ ಮೂರು ವಾರ ಕೊಡಬೇಕು.

ಖಚಿತವಾಗಬೇಕಾದರೆ ಬೆನ್ನಿನ ನೀರು, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ, ಬೇಕು. "ಅದನ್ನು ತೆಗೆದರೆ ಸೊಂಟ ಬಿದ್ದುಹೋಗುತ್ತದಂತೆ, ಡಾಕ್ಟರೇ" ಎಂದು ಸಹಿ ಹಾಕಲು ಹಿಂಜರಿಯುವ ತಂದೆತಾಯಂದಿರಿದ್ದಾರೆ. ಮಗುವಿನ ಮೊಣಕಾಲನ್ನು ಹೊಟ್ಟೆಗೆ ಮಡಚಿ ಮಗ್ಗುಲಿಗೆ ಹಿಡಿದಾಗ ಸೊಂಟದ ಕೆಳಭಾಗದ ಎಲುಬುಗಳ ನಡುವೆ ಸಂದು ಬಿಡುತ್ತದೆ. ಸೂಜಿ ಇಳಿಯುವುದು ಅಲ್ಲಿ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಸಣ್ಣ ಬಾಟಲಿಗೆ ಹನಿಹನಿಯಾಗಿ ಬೀಳುವ ಆ ನೀರು ವೈರಸ್ ಇದ್ದರೂ ಹೆಚ್ಚಾಗಿ ತಿಳಿಯಾಗಿಯೇ ಕಾಣುತ್ತದೆ. ಸುಳಿವು ಸಿಗುವುದು ಪ್ರಯೋಗಾಲಯದಲ್ಲಿ. ತಲೆಯೊಳಗೆ ಒತ್ತಡ ಹೆಚ್ಚಿರುವ ಲಕ್ಷಣವಿದ್ದರೆ ಮೊದಲು ಸ್ಕ್ಯಾನ್ ಮಾಡಿಸುತ್ತೇವೆ. ಔಷಧ ಆಗಲೂ ನಿಲ್ಲುವುದಿಲ್ಲ.

ನಮ್ಮ ಕರಾವಳಿಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರದ ಮಾತನ್ನು ಬಿಡುವಂತಿಲ್ಲ. ಹಂದಿ, ಬೆಳ್ಳಕ್ಕಿಗಳ ರಕ್ತದಲ್ಲಿ ಬೆಳೆಯುವ ವೈರಸ್ಸನ್ನು ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮಕ್ಕಳಿಗೆ ತರುತ್ತದೆ. ಇದಕ್ಕೆ ಔಷಧವಿಲ್ಲ, ಲಸಿಕೆ ಇದೆ. 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲೂ 1ರಿಂದ 15 ವರ್ಷದವರಿಗೆ ಅಭಿಯಾನ ನಡೆಯಿತು. ಆಮೇಲೆ ಹುಟ್ಟಿದ ಮಕ್ಕಳಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್. ದಡಾರ-ರುಬೆಲ್ಲಾ ಲಸಿಕೆಯ ಸಮಯವೂ ಅದೇ. ಎರಡನ್ನೂ ಒಂದೇ ದಿನ ಹಾಕಿಸಬಹುದು. ದಡಾರವೂ ಮಿದುಳನ್ನು ಬಾಧಿಸಬಲ್ಲದು, ಕೆಲವೊಮ್ಮೆ ವರ್ಷಗಳ ನಂತರ. ಮೊದಲ ಡೋಸ್ ಆಗಿ ಎರಡನೆಯದು ತಪ್ಪಿಹೋದ ಮಕ್ಕಳಿದ್ದರೆ, ತಾಯಿ ಕಾರ್ಡ್ ಹಿಡಿದು ಇದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.