ಕ್ಲೌಡ್‌ನಲ್ಲಿ ಕಟ್ಟಿಕೊಂಡ 'ನಮ್ಮದೇ' ಡೇಟಾ ಸೆಂಟರ್ ನಿಜಕ್ಕೂ ಪ್ರೈವೇಟಾ?

ಪ್ರಶ್ನೆ: ನಮ್ಮ ಸರ್ವರ್ ರೂಮ್ ಮುಚ್ಚಿ ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸುವ ಮಾತು ನಡೆದಿದೆ. ವರ್ಚುಯಲ್ ಪ್ರೈವೇಟ್ ಕ್ಲೌಡ್, ವರ್ಚುಯಲ್ ಡೇಟಾ ಸೆಂಟರ್ ಅಂತೆಲ್ಲ ಹೇಳ್ತಾರೆ. ಆದರೆ ಮೆಷಿನ್ ಅವರದು, ಕೇಬಲ್ ಅವರದು, ಅದೇ ಮೆಷಿನ್ ಮೇಲೆ ಇನ್ಯಾರದೋ ಕೆಲಸವೂ ನಡೀತಿರುತ್ತೆ. ಇದರಲ್ಲಿ 'ಪ್ರೈವೇಟ್' ಏನು ಬಂತು?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ನೇರವಾಗಿ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಮಟ್ಟಿಗೆ ಅದು ಪ್ರೈವೇಟ್ ಹೌದು. ಪಕ್ಕದವರು ಇಣುಕುತ್ತಾರೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೋರುವುದು ಸಾಮಾನ್ಯವಾಗಿ ನಾವೇ ತೆರೆದಿಟ್ಟು ಮರೆತ ಬಾಗಿಲಿನಿಂದ.

ಮೊದಲು ಹೀಗಿರಲಿಲ್ಲ. ಅಮೆಜಾನ್ 2006ರಲ್ಲಿ ಇಸಿ2 (ವರ್ಚುಯಲ್ ಮೆಷಿನ್ ಬಾಡಿಗೆಗೆ ಕೊಡುವ ಸೇವೆ) ಶುರು ಮಾಡಿದಾಗ ಎಲ್ಲ ಗ್ರಾಹಕರ ಮೆಷಿನ್‌ಗಳೂ ಒಂದೇ ದೊಡ್ಡ ನೆಟ್‌ವರ್ಕ್‌ನಲ್ಲಿ ಕೂರುತ್ತಿದ್ದವು, ಐಪಿ ವಿಳಾಸವೂ ಅವರು ಕೊಟ್ಟದ್ದೇ. ನೀವು ಕೇಳಿದ ವರ್ಚುಯಲ್ ಪ್ರೈವೇಟ್ ಕ್ಲೌಡ್, ಅಂದರೆ ವಿಪಿಸಿ, ಬಂದದ್ದು 2009ರಲ್ಲಿ. 2013ರಿಂದ ಹೊಸ ಅಕೌಂಟ್‌ಗಳಿಗೆ ಅದೇ ಡೀಫಾಲ್ಟ್ ಆಯಿತು. ಮೈಕ್ರೋಸಾಫ್ಟ್ ಅಜೂರ್ ಇದನ್ನೇ ವರ್ಚುಯಲ್ ನೆಟ್‌ವರ್ಕ್ ಅನ್ನುತ್ತದೆ, ಗೂಗಲ್ ವಿಪಿಸಿ ಅಂತಲೇ ಕರೆಯುತ್ತದೆ, ಸ್ವಂತ ಕ್ಲೌಡ್ ಕಟ್ಟಲು ಬಳಸುವ ಓಪನ್‌ಸ್ಟ್ಯಾಕ್ ಸಾಫ್ಟ್‌ವೇರ್‌ನಲ್ಲಿ ಈ ಕೆಲಸ ನ್ಯೂಟ್ರಾನ್ ಅನ್ನುವ ಭಾಗದ್ದು. 'ವರ್ಚುಯಲ್ ಡೇಟಾ ಸೆಂಟರ್' ಅನ್ನುವ ಮಾತು ಹೆಚ್ಚು ಕೇಳಿಬರುವುದು ವಿಎಂವೇರ್ ಕಂಪನಿಯ ಸಾಫ್ಟ್‌ವೇರ್ ಬಳಸುವವರ ಬಾಯಲ್ಲಿ. ಹೆಸರು ಯಾವುದಾದರೂ ಒಳಗಿನ ಉಪಾಯ ಹೆಚ್ಚುಕಡಿಮೆ ಒಂದೇ.

ಆ ಉಪಾಯ ಏನು? ನಿಮ್ಮ ವಿಪಿಸಿಯಲ್ಲಿ 10.0.1.5 ಅನ್ನುವ ಮೆಷಿನ್ ಇದೆ ಅಂದುಕೊಳ್ಳಿ. ಅದೇ ಕ್ಲೌಡ್‌ನಲ್ಲಿ ಸಾವಿರಾರು ಜನರ ಬಳಿಯೂ 10.0.1.5 ಇರಬಹುದು. ಶಾಲೆಯಲ್ಲಿ ಪ್ರತಿ ಕ್ಲಾಸಿಗೂ ಒಬ್ಬ ರೋಲ್ ನಂಬರ್ 12 ಇರುತ್ತಾನಲ್ಲ, ಹಾಗೆ. ಯಾವ ಕ್ಲಾಸು ಅಂತ ಗೊತ್ತಿಲ್ಲದೆ ಬರೀ ನಂಬರ್ ಕೂಗಿದರೆ ಪ್ರಯೋಜನ ಇಲ್ಲ. ನಿಮ್ಮ ಇನ್ನೊಂದು ಮೆಷಿನ್ ಈ 10.0.1.5ಕ್ಕೆ ಒಂದು ಪ್ಯಾಕೆಟ್ (ಮಾಹಿತಿಯ ಸಣ್ಣ ಕಟ್ಟು) ಕಳಿಸಿದಾಗ ಅದು ಸೀದಾ ತಂತಿಗೆ ಹೋಗುವುದಿಲ್ಲ. ಕೆಳಗಿರುವ ಹೋಸ್ಟ್ (ಅಸಲಿ ಸರ್ವರ್) ಅದನ್ನು ಹಿಡಿದುಕೊಂಡು, ಇದು ಯಾವ ವಿಪಿಸಿಯದು, ಆ ವಿಪಿಸಿಯ 10.0.1.5 ಈಗ ಯಾವ ಅಸಲಿ ಸರ್ವರ್ ಮೇಲೆ ಕೂತಿದೆ ಅಂತ ಒಂದು ಪಟ್ಟಿಯಲ್ಲಿ ನೋಡುತ್ತದೆ. ಆಮೇಲೆ ಇಡೀ ಪ್ಯಾಕೆಟ್ಟನ್ನು ಇನ್ನೊಂದು ಲಕೋಟೆಯೊಳಗೆ ಹಾಕಿ, ಹೊರಗೆ ವಿಪಿಸಿಯ ಗುರುತು ಮತ್ತು ಅಸಲಿ ಸರ್ವರ್‌ನ ವಿಳಾಸ ಬರೆದು ಕಳಿಸುತ್ತದೆ. ಆ ಕಡೆಯ ಹೋಸ್ಟ್ ಲಕೋಟೆ ಒಡೆದು, ಗುರುತು ಸರಿಯಿದ್ದರೆ ಮಾತ್ರ ಒಳಗಿನದ್ದನ್ನು ತಲುಪಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪ್ಯಾಕೆಟ್ ಅಲ್ಲೇ ಕಸದ ಬುಟ್ಟಿಗೆ.

ಇಲ್ಲಿ ಮುಖ್ಯವಾದ ಸಂಗತಿ ಏನಂದರೆ, ಲಕೋಟೆ ಮೇಲೆ ಬರೆಯುವ ಪೆನ್ನು ಗ್ರಾಹಕರ ಕೈಯಲ್ಲಿಲ್ಲ. ಪಕ್ಕದವನು ತನ್ನ ಮೆಷಿನ್‌ನಲ್ಲಿ ರೂಟ್ (ಪೂರ್ಣ ಅಧಿಕಾರ ಇರುವವನು) ಆಗಿರಲಿ, ಐಪಿಯನ್ನು ಸುಳ್ಳು ಸುಳ್ಳೇ ಬದಲಿಸಿಕೊಳ್ಳಲಿ, ಹೊರಗಿನ ಗುರುತನ್ನು ಅವನು ಮುಟ್ಟಲಾರ. ಹಳೆಯ ಆಫೀಸ್ ನೆಟ್‌ವರ್ಕ್‌ನಲ್ಲಿ ಎಆರ್‌ಪಿ ಕೂಗು ('ಈ ಐಪಿ ಯಾರದು?' ಅನ್ನುವ ಪ್ರಶ್ನೆ) ಇಡೀ ಸ್ವಿಚ್‌ಗೆ ಕೇಳಿಸುತ್ತಿತ್ತು, ಯಾರು ಬೇಕಾದರೂ 'ನಾನೇ ಗೇಟ್‌ವೇ' ಅಂತ ಸುಳ್ಳು ಉತ್ತರ ಕೊಡಬಹುದಿತ್ತು. ಅಮೆಜಾನ್ ವಿಪಿಸಿಯಲ್ಲಿ ಆ ಕೂಗಿಗೆ ಪಟ್ಟಿ ನೋಡಿ ಕೆಳಗಿನ ವ್ಯವಸ್ಥೆಯೇ ಉತ್ತರ ಕೊಡುತ್ತದೆ. ನಿಜ ಹೇಳಬೇಕೆಂದರೆ, ಈ ಒಂದು ವಿಷಯದಲ್ಲಿ ನಿಮ್ಮ ಹಳೆಯ ಸರ್ವರ್ ರೂಮಿಗಿಂತ ಇದು ಎಷ್ಟೋ ವಾಸಿ.

ಒಂದೇ ಸ್ವಿಚ್ಚನ್ನು ಹಲವು ನೆಟ್‌ವರ್ಕ್‌ಗಳಾಗಿ ಭಾಗ ಮಾಡುವ ಹಳೆಯ ವಿಎಲ್ಯಾನ್ ಸಾಕಾಗಲ್ವಾ ಅಂತ ಕೇಳಬಹುದು. ಅದರ ಗುರುತಿಗೆ 12 ಬಿಟ್ ಮಾತ್ರ, ಅಂದರೆ 4,096. ಲಕ್ಷಗಟ್ಟಲೆ ಗ್ರಾಹಕರಿಗೆ ಅದು ಯಾವ ಮೂಲೆಗೆ? 2014ರಲ್ಲಿ ಆರ್‌ಎಫ್‌ಸಿ 7348 (ಇಂಟರ್ನೆಟ್‌ನ ಒಂದು ತಾಂತ್ರಿಕ ದಾಖಲೆ) ಆಗಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಅನ್ನುವ ಲಕೋಟೆ ವಿಧಾನದಲ್ಲಿ 24 ಬಿಟ್ ಇದೆ, 1 ಕೋಟಿ 60 ಲಕ್ಷಕ್ಕೂ ಹೆಚ್ಚು ಗುರುತುಗಳು. ದೊಡ್ಡ ಕಂಪನಿಗಳು ತಮ್ಮದೇ ರೀತಿಯ ಲಕೋಟೆ ಮಾಡಿಕೊಂಡಿವೆ, ತತ್ವ ಅದೇ. ಒಂದು ಎಚ್ಚರಿಕೆ: ಲಕೋಟೆಗೆ ಹಾಕುವುದು ಬೇರೆ, ಎನ್‌ಕ್ರಿಪ್ಟ್ ಮಾಡುವುದು ಬೇರೆ. ಒಳಗಿನ ಟ್ರಾಫಿಕ್ ಅಂತ ಟಿಎಲ್‌ಎಸ್ ಎನ್‌ಕ್ರಿಪ್ಷನ್ ತೆಗೆದುಹಾಕಬೇಡಿ.

ಇನ್ನು ಒಂದೇ ಮೆಷಿನ್ ಹಂಚಿಕೊಳ್ಳುವ ವಿಚಾರ. ನಡುವೆ ಹೈಪರ್‌ವೈಸರ್ (ಒಂದೇ ಸರ್ವರ್ ಮೇಲೆ ಹಲವು ವರ್ಚುಯಲ್ ಮೆಷಿನ್ ನಡೆಸುವ ಸಾಫ್ಟ್‌ವೇರ್) ಗೋಡೆ ಇದೆ. ಅಮೆಜಾನ್ 2017ರಲ್ಲಿ ನೈಟ್ರೋ ಅನ್ನುವ ಹೊಸ ವ್ಯವಸ್ಥೆ ತಂದ ಮೇಲೆ ನೆಟ್‌ವರ್ಕ್, ಡಿಸ್ಕ್ ಕೆಲಸವೆಲ್ಲ ಬೇರೆ ಕಾರ್ಡ್‌ಗಳಿಗೆ ಹೋಯಿತು, ಗೋಡೆ ಇನ್ನಷ್ಟು ತೆಳುವಾಗಿ ಗಟ್ಟಿಯಾಯಿತು. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಅನ್ನುವ ದೋಷಗಳು ಹೊರಬಿದ್ದಾಗ ಮಾತ್ರ, ಪ್ರೊಸೆಸರ್ ಒಳಗೇ ಸಂದಿ ಇದೆ ಅಂತ ಎಲ್ಲರೂ ಬೆಚ್ಚಿಬಿದ್ದದ್ದು ನಿಜ. ಬಹಳ ಸೂಕ್ಷ್ಮ ಕೆಲಸವಾದರೆ ಇಡೀ ಸರ್ವರ್ ನಿಮಗೇ ಮೀಸಲಿಡುವ ಡೆಡಿಕೇಟೆಡ್ ಹೋಸ್ಟ್ ಸಿಗುತ್ತದೆ, ದುಡ್ಡು ಜಾಸ್ತಿ. ಸಾಮಾನ್ಯ ಕೆಲಸಕ್ಕೆ ನಾನಂತೂ ಅದನ್ನು ತಗೊಳ್ಳಿ ಅನ್ನುವುದಿಲ್ಲ.

ಈಗ ನಿಜವಾದ ತಲೆನೋವಿಗೆ ಬರೋಣ. ವಿಪಿಸಿಯ ವಿಳಾಸಗಳ ಒಂದು ಭಾಗವೇ ಸಬ್‌ನೆಟ್. ಅಮೆಜಾನ್‌ನಲ್ಲಿ 'ಪ್ರೈವೇಟ್ ಸಬ್‌ನೆಟ್' ಅಂತ ಪ್ರತ್ಯೇಕ ವಸ್ತು ಏನೂ ಇಲ್ಲ ಗೊತ್ತಾ? ಹೆಸರಿನಲ್ಲಿ 'ಪ್ರೈವೇಟ್' ಅಂತ ಬರೆದುಕೊಂಡರೆ ಅದು ಸುಮ್ನೆ ಹೆಸರು. ಅದರ ರೂಟ್ ಟೇಬಲ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ) 0.0.0.0/0, ಅಂದರೆ ಉಳಿದೆಲ್ಲ ವಿಳಾಸ, ಎಲ್ಲಿಗೆ ಹೋಗುತ್ತದೆ ಅನ್ನುವ ಒಂದು ಸಾಲು ಎಲ್ಲವನ್ನೂ ತೀರ್ಮಾನಿಸುತ್ತದೆ. ಇಂಟರ್ನೆಟ್ ಗೇಟ್‌ವೇಗೆ ಹೋದರೆ ಪಬ್ಲಿಕ್, ಇಲ್ಲದಿದ್ದರೆ ಪ್ರೈವೇಟ್. ಅಕೌಂಟ್ ಜೊತೆ ಬರುವ ಡೀಫಾಲ್ಟ್ ವಿಪಿಸಿ, 172.31.0.0/16, ಅದರ ಸಬ್‌ನೆಟ್‌ಗಳೆಲ್ಲ ಪಬ್ಲಿಕ್. ಗೂಗಲ್‌ನ ಡೀಫಾಲ್ಟ್ ನೆಟ್‌ವರ್ಕ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಮೆಷಿನ್‌ಗೆ ಲಾಗಿನ್ ಆಗುವ ದಾರಿ) ಎಲ್ಲ ಕಡೆಯಿಂದಲೂ ಬಿಡುವ ಫೈರ್‌ವಾಲ್ ನಿಯಮ ಮೊದಲೇ ಇರುತ್ತದೆ. ಕಲಿಯುವವರಿಗೆ ಸುಲಭವಾಗಲಿ ಅಂತ ಕೊಟ್ಟದ್ದನ್ನೇ ಅಸಲಿ ಕೆಲಸಕ್ಕೂ ಬಳಸಿಬಿಡುತ್ತೇವೆ.

ಇನ್ನೊಂದು, ಅಮೆಜಾನ್‌ನ ಎಸ್3 ತರಹದ ಫೈಲ್ ಸ್ಟೋರೇಜ್ ನಿಮ್ಮ ವಿಪಿಸಿಯ ಒಳಗೆ ಇರುವುದೇ ಇಲ್ಲ. ಎಂಥ ಕೋಟೆ ಕಟ್ಟಿದರೂ ಅದರ ಬಕೆಟ್ (ಫೈಲ್‌ಗಳ ಡಬ್ಬ) ಹೊರಗಡೆಯೇ, ಅದರ ಬೀಗ ಪರ್ಮಿಷನ್‌ನಲ್ಲಿದೆ. 2019ರ ಕ್ಯಾಪಿಟಲ್ ಒನ್ ಬ್ಯಾಂಕ್ ಪ್ರಕರಣ ನೆನಪಿಸಿಕೊಳ್ಳಿ, ಅಮೆರಿಕದ ಸುಮಾರು 10 ಕೋಟಿ ಜನರ ಮಾಹಿತಿ ಕೈತಪ್ಪಿತು. ಅಲ್ಲಿ ವಿಪಿಸಿ ಗೋಡೆಯನ್ನು ಯಾರೂ ಒಡೆಯಲಿಲ್ಲ. ಸರಿಯಾಗಿ ಕಾನ್ಫಿಗರ್ ಮಾಡದ ಒಂದು ಫೈರ್‌ವಾಲ್ ಮೂಲಕ 169.254.169.254ರಲ್ಲಿರುವ ಮೆಟಾಡೇಟಾ ಸೇವೆಯಿಂದ (ಮೆಷಿನ್‌ಗೆ ಅದರ ವಿವರ, ತಾತ್ಕಾಲಿಕ ಕೀಲಿ ಕೊಡುವುದು ಇದೇ) ಕೀಲಿ ಸಿಕ್ಕಿತು, ಕೀಲಿಗೆ ಬೇಕಾದ್ದಕ್ಕಿಂತ ಹೆಚ್ಚು ಬಾಗಿಲುಗಳು ತೆರೆಯುತ್ತಿದ್ದವು.

ವಿಳಾಸದ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಾನೇ ಪೆಟ್ಟು ತಿಂದಿದ್ದೇನೆ. ಎರಡು ವಿಪಿಸಿ ಮಾಡುವಾಗ ಎರಡಕ್ಕೂ ಅಭ್ಯಾಸಬಲದಿಂದ 10.0.0.0/16 ಅನ್ನುವ ಒಂದೇ ವಿಳಾಸಗಳ ಸಾಲು ಕೊಟ್ಟೆ. ಆರು ತಿಂಗಳಾದ ಮೇಲೆ ಎರಡನ್ನೂ ಜೋಡಿಸಬೇಕಾಯಿತು. ಒಂದರ ಮೇಲೊಂದು ಬೀಳುವ ವಿಳಾಸಗಳ ನಡುವೆ ಪೀರಿಂಗ್ (ನೇರ ಜೋಡಣೆ) ಆಗುವುದೇ ಇಲ್ಲ. ಕೊನೆಗೆ ಒಂದನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದೆ. ನಿಮ್ಮ ಈಗಿನ ಆಫೀಸ್ ನೆಟ್‌ವರ್ಕ್ ಕೂಡ ಇದೇ ಲೆಕ್ಕದಲ್ಲಿ ಬರುತ್ತದೆ, ವಿಪಿಎನ್ ಹಾಕುವ ದಿನ ಗೊತ್ತಾಗುತ್ತದೆ. ಹಾಗೇ ಒಂದು ಕ್ಲೌಡ್‌ನ ನಕ್ಷೆಯನ್ನು ಇನ್ನೊಂದಕ್ಕೆ ನಕಲು ಮಾಡಬೇಡಿ: ಅಮೆಜಾನ್‌ನ ವಿಪಿಸಿ ಒಂದು ರೀಜನ್‌ಗೆ (ಭೌಗೋಳಿಕ ವಲಯಕ್ಕೆ) ಸೀಮಿತ, ಗೂಗಲ್‌ನದ್ದು ಎಲ್ಲ ರೀಜನ್‌ಗಳಿಗೂ ಹರಡಿಕೊಂಡಿರುತ್ತದೆ.

ಸಾಗಿಸುವ ಮುಂಚೆ, ಈ ಯೋಜನೆ ತಂದವರ ಹತ್ತಿರ ಮೂರು ಹಾಳೆ ಕೇಳಿ. ವಿಳಾಸ ಹಂಚಿಕೆಯದ್ದು, ಪ್ರತಿ ಸಬ್‌ನೆಟ್‌ನ ರೂಟ್ ಟೇಬಲ್‌ನದ್ದು, ಅವನ್ನು ಬದಲಿಸುವ ಅಧಿಕಾರ ಯಾರ್ಯಾರಿಗಿದೆ ಅನ್ನುವುದು. ಮೂರನೆಯದನ್ನು ಕೊಡಲು ಅವರು ತಡವರಿಸಿದರೆ ಅಲ್ಲೇ ನಿಲ್ಲಿಸಿ. ಹಳೆಯ ರೂಮಿನಲ್ಲಿ ಯಾರಾದರೂ ಬೀಗ ತೆಗೆದು ಒಳಗೆ ಹೋಗಿ ಕೇಬಲ್ ಬದಲಿಸಬೇಕಿತ್ತು, ಇಲ್ಲಿ ಕೂತಲ್ಲಿಂದಲೇ ಒಂದು ಕಮಾಂಡ್ ಸಾಕು. ಮತ್ತೆ, ಯಾವ ಪ್ಯಾಕೆಟ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬರೆದಿಡುವ ಫ್ಲೋ ಲಾಗ್ ಅಮೆಜಾನ್‌ನಲ್ಲಿ ತಾನಾಗಿ ಆನ್ ಆಗಿರುವುದಿಲ್ಲ, ಅದನ್ನು ಮೊದಲ ದಿನವೇ ಆನ್ ಮಾಡಿಸಿ.